ನಿದ್ದೆ ಕಮ್ಮಿ, ಸುಸ್ತೂ ಇಲ್ಲ: ಹರೆಯದಲ್ಲಿ ಬೈಪೋಲಾರ್ ಸುಳಿವು ಗುರುತಿಸುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಹಾಸನದ ಹಾಸ್ಟೆಲ್‌ಗಳಲ್ಲಿ ರಾತ್ರಿ ಎರಡಾದರೂ ದೀಪ ಆರುವುದಿಲ್ಲ. ಹಾಗೆ ಓದಿದ ಹುಡುಗ ಮರುದಿನ ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಅದು ಸಹಜ. ಆದರೆ ದಿನಕ್ಕೆ ಮೂರೇ ಗಂಟೆ ಮಲಗಿ, ವಾರವಿಡೀ ಸುಸ್ತೇ ಇಲ್ಲದೆ ಓಡಾಡುತ್ತಿದ್ದರೆ? ಅದನ್ನು ಸುಮ್ನೆ ಹುರುಪು ಅಂದುಕೊಳ್ಳಬೇಡಿ.

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಕೆಲವು ದಿನ ಮಿತಿಮೀರಿ ಏರುತ್ತದೆ, ಇನ್ನು ಕೆಲವು ವಾರ ಕುಸಿದು ಕೂರುತ್ತದೆ. ಬಹಳ ಜನರಿಗೆ ಇದು ಶುರುವಾಗುವುದು 15ರಿಂದ 25ರ ವಯಸ್ಸಿನಲ್ಲಿ. ರಕ್ತಪರೀಕ್ಷೆಯಲ್ಲಾಗಲಿ, ಸ್ಕ್ಯಾನಿಂಗ್‌ನಲ್ಲಾಗಲಿ ಗೊತ್ತಾಗುವುದಿಲ್ಲ. ಮನೆಯವರು ಕಂಡದ್ದೇ ಡಾಕ್ಟರಿಗೆ ದಾರಿ.

ಮನೆತನದಲ್ಲಿ ಯಾರಿಗಾದರೂ ಇದಿತ್ತಾ ಅಂತ ಮೊದಲು ಅಜ್ಜಿಯನ್ನು ಕೇಳಿ. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಅಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ, ಗಾಬರಿ ಬೇಡ. ಆದರೆ ನಮ್ಮ ಕಡೆ ಕಾಯಿಲೆಯ ಹೆಸರು ಯಾರು ಹೇಳುತ್ತಾರೆ? ‘ಅತ್ತೆಗೆ ಗಾಳಿ ಸೋಕಿತ್ತು’, ‘ಚಿಕ್ಕಪ್ಪ ಇದ್ದಕ್ಕಿದ್ದಂತೆ ತೋಟ ಮಾರಿಬಿಟ್ಟ’ ಅನ್ನುತ್ತಾರೆ. ಮದುವೆ ಸಂಬಂಧ ತಪ್ಪೀತು ಅಂತ ಅದನ್ನೂ ಮುಚ್ಚಿಡುತ್ತಾರೆ. ಅಂಥ ಕಥೆಗಳನ್ನೇ ಕೆದಕಿ ಕೇಳಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಬೇಡ, ಬಂದವರೆಲ್ಲ ಓದುತ್ತಾರೆ! ಎಷ್ಟು ಗಂಟೆ ಮಲಗಿದ, ಮಾತು ಹೇಗಿತ್ತು, ದುಡ್ಡು ಹೇಗೆ ಖರ್ಚಾಯಿತು, ದಿನಕ್ಕೆರಡು ಸಾಲು ಸಾಕು. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ನಿಮ್ಮ ಹುಡುಗ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ, ಅದಷ್ಟೇ ಮುಖ್ಯ. ಮಾತು ನಿಲ್ಲುತ್ತಿಲ್ಲ, ಹತ್ತು ಕೆಲಸ ಹಿಡಿದು ಒಂದನ್ನೂ ಮುಗಿಸುತ್ತಿಲ್ಲ, ತಡೆದರೆ ಸಿಡಿಯುತ್ತಾನೆ, ನಾಳೆಯೇ ದೊಡ್ಡ ಬಿಸಿನೆಸ್ ಅನ್ನುತ್ತಾನೆ. ಇವೆಲ್ಲ ಒಟ್ಟಿಗೆ ನಾಲ್ಕು ದಿನ ದಾಟಿದರೆ ಡಾಕ್ಟರ್ ಹತ್ತಿರ ಮಾತಾಡಿ. ಎರಡು ವಾರ ಮಂಕಾಗಿ, ಯಾವುದೂ ಬೇಡವಾಗಿ ಕೂತರೂ ಅಷ್ಟೇ. ಒಂದು ದಿನದ ಸಿಟ್ಟು ಮಾತ್ರ ಹರೆಯದ ಸಿಟ್ಟು, ಬಿಟ್ಟುಬಿಡಿ.

ಎಲ್ಲರೂ ಎಡವುವುದು ಇಲ್ಲೇ: ಮಗ ಮಂಕಾದಾಗ ಆಸ್ಪತ್ರೆಗೆ ಹೋಗುತ್ತಾರೆ, ಏರಿದ ದಿನಗಳ ಸುದ್ದಿಯನ್ನೇ ಎತ್ತುವುದಿಲ್ಲ. ‘ಆಗ ಚೆನ್ನಾಗೇ ಇದ್ನಲ್ಲ!’ ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಮತ್ತೆ ವಿಪರೀತ ಏರಬಹುದು. ಅದಕ್ಕೇ ನೋಟ್‌ಬುಕ್ ಜೊತೆಗಿರಲಿ. ಗಾಂಜಾ ಸಂಗತಿ ಇದ್ದರೆ ಅದನ್ನೂ ಹೇಳಿ.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಸಕಲೇಶಪುರ, ಅರಕಲಗೂಡಿನವರು ಬಸ್ ಹತ್ತುವ ಮುಂಚೆ ಅಲ್ಲೇ ವಿಚಾರಿಸಿ. ಫೋನಲ್ಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಾಯುವ ಮಾತು ಬಂದರೆ ನೋಟ್‌ಬುಕ್ ಪಕ್ಕಕ್ಕಿಡಿ. ‘ಸಾಯೋ ಯೋಚನೆ ಬರ್ತಿದೆಯಾ ಮಗಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ, ಅವನೊಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.