ಕೆಲಸದ ದಿನಚರಿ: ಇಲಸ್ಟ್ರೇಷನ್ ವಿದ್ಯಾರ್ಥಿ ತನ್ನ ಬೆಳವಣಿಗೆಯನ್ನು ತಾನೇ ಓದಿಕೊಳ್ಳುವ ಬಗೆ

ಕಥೆ, ಪಠ್ಯಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬಿಡಿಸುವುದನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟ ವಿದ್ಯಾರ್ಥಿಗಳಿಗೆ ಕೋರ್ಸಿನ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ಒಂದು ಬರವಣಿಗೆಯ ಕೆಲಸ ಬರುತ್ತದೆ. ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ಮುಂದಿಟ್ಟುಕೊಂಡು, ಎಲ್ಲಿ ಬೆಳೆದಿದ್ದೇವೆ, ಇನ್ನು ಯಾವ ದಾರಿ ಹಿಡಿಯುತ್ತೇವೆ ಎಂಬುದನ್ನು ಕೆಲವು ಪುಟಗಳಲ್ಲಿ ಹೇಳಬೇಕು. ಹೆಚ್ಚಿನವರು ಇದನ್ನು ಸಲ್ಲಿಸಬೇಕಾದ ದಿನ ಹತ್ತಿರ ಬಂದಾಗ ನೆನಪಿನಿಂದ ಬರೆಯುತ್ತಾರೆ. ಆಗ ಕೈಗೆ ಸಿಗುವುದು ‘ಆತ್ಮವಿಶ್ವಾಸ ಹೆಚ್ಚಿತು’, ‘ಬಣ್ಣಗಳ ಬಳಕೆ ಸುಧಾರಿಸಿತು’ ಎಂಬಂಥ ಮಾತುಗಳು ಮಾತ್ರ. ನಾನೂ ಇದೇ ಹಂತದಲ್ಲಿರುವ ವಿದ್ಯಾರ್ಥಿನಿ. ಚಿತ್ರ ಬಿಡಿಸುತ್ತಿರುವಾಗಲೇ ಬರೆದಿಟ್ಟ ದಿನಚರಿ ಇದ್ದರೆ ಈ ಬರಹ ಸುಲಭವಾಗುವುದಷ್ಟೇ ಅಲ್ಲ, ವೃತ್ತಿಗೆ ಬೇಕಾದ ಎಷ್ಟೋ ತೀರ್ಮಾನಗಳಿಗೆ ಅದೇ ಆಧಾರವಾಗುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಆದರೆ ಅದರಲ್ಲಿ ದಾಖಲಾಗಬೇಕಾದದ್ದು ಆ ದಿನದ ಮನಸ್ಥಿತಿಯಲ್ಲ, ಆ ದಿನದ ನಿರ್ಧಾರಗಳು.

ದಿನಚರಿಯಲ್ಲಿ ಏನು ಬರೆಯಬೇಕು

ಇದಕ್ಕೆ ಬೇರೆ ಪುಸ್ತಕ ಬೇಡ. ಸ್ಕೆಚ್‌ಬುಕ್ಕಿನ ಬಲಪುಟವನ್ನು ಚಿತ್ರಕ್ಕೂ ಎಡಪುಟವನ್ನು ಬರಹಕ್ಕೂ ಬಿಟ್ಟುಕೊಂಡರೆ ಸಾಕು. ಟ್ಯಾಬ್ಲೆಟ್ಟಿನಲ್ಲಿ ಕೆಲಸ ಮಾಡುವವರು ಒಂದೇ ಫೈಲಿನ ಮೇಲೆ ತಿದ್ದುತ್ತ ಹೋಗದೆ, ಪ್ರತಿ ಮುಖ್ಯ ಬದಲಾವಣೆಗೂ ಮುನ್ನ ದಿನಾಂಕ ಸೇರಿಸಿದ ಹೆಸರಿನಲ್ಲಿ ಒಂದು ಪ್ರತಿಯನ್ನು ಉಳಿಸಿಕೊಳ್ಳಬೇಕು. ಇಲ್ಲವಾದರೆ ಕೊನೆಗೆ ಮುಗಿದ ಚಿತ್ರ ಮಾತ್ರ ಉಳಿಯುತ್ತದೆ. ಅದು ಹೇಗೆ ಹಾಗಾಯಿತು ಎಂಬುದು ಅಳಿಸಿಹೋಗುತ್ತದೆ.

ಮೊದಲು ಕೆಲಸ ಕೊಟ್ಟವರು ಏನು ಕೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ನಿಮಗೆ ಅದು ಹೇಗೆ ಅರ್ಥವಾಯಿತು ಎಂಬುದನ್ನು ಬರೆಯಿರಿ. ಎರಡರ ನಡುವೆ ಅಂತರವಿದ್ದರೆ ಅದು ಈಗಲೇ ಕಾಣುತ್ತದೆ. ಬಣ್ಣ ತುಂಬಿದ ಮೇಲೆ ಕಂಡರೆ ಇಡೀ ಚಿತ್ರವನ್ನೇ ಮತ್ತೆ ಬಿಡಿಸಬೇಕಾಗುತ್ತದೆ. ಆಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡುಗಳನ್ನು ಹಾಕಿ, ಯಾವುದನ್ನು ಆರಿಸಿಕೊಂಡಿರಿ ಎಂಬುದಕ್ಕಿಂತ ಯಾವುದನ್ನು ಕೈಬಿಟ್ಟಿರಿ, ಏಕೆ ಎಂಬುದನ್ನು ಒಂದೆರಡು ಸಾಲಿನಲ್ಲಿ ದಾಖಲಿಸಿ. ಕಲಿಕೆ ಕಣ್ಣಿಗೆ ಬೀಳುವುದು ಕೈಬಿಟ್ಟ ಕರಡುಗಳಲ್ಲಿಯೇ.

ಒಂದು ಮಕ್ಕಳ ಕಥೆಯಲ್ಲಿ ‘ಅಜ್ಜಿ ಮಾರುಕಟ್ಟೆಯಲ್ಲಿ ಕೂತು ಹೂ ಕಟ್ಟುತ್ತಿದ್ದಳು’ ಎಂಬ ಸಾಲಿದೆ ಎಂದುಕೊಳ್ಳೋಣ. ಇದನ್ನು ಮೇಲಿನಿಂದ ನೋಡಿದಂತೆ ಇಡೀ ಮಾರುಕಟ್ಟೆಯನ್ನು ತೋರಿಸಿ ಬಿಡಿಸಬಹುದು, ಅಜ್ಜಿಯ ಎದುರು ಕೂತು ಅವಳ ಮುಖ ನೋಡಿದಂತೆ ಬಿಡಿಸಬಹುದು, ಕೇವಲ ಮಡಿಲು ಮತ್ತು ಕೈಗಳನ್ನಷ್ಟೇ ತೋರಿಸಲೂಬಹುದು. ಮುಂದಿನ ಪುಟದಲ್ಲಿ ಮೊಮ್ಮಗಳು ಜನಜಂಗುಳಿಯಲ್ಲಿ ಕಳೆದುಹೋಗುತ್ತಾಳೆಂದಾದರೆ ಮೊದಲ ನೋಟಕ್ಕೆ ಕಾರಣವಿದೆ. ಕಥೆ ಅಜ್ಜಿಯ ದುಡಿಮೆಯ ಬಗ್ಗೆಯಾದರೆ ಮೂರನೆಯದಕ್ಕೆ. ಆದರೆ ಆಯ್ಕೆಗೆ ಮುನ್ನ ನೋಡಿ ಬರುವುದು ಅಗತ್ಯ. ಬೆಂಗಳೂರಿನಲ್ಲಿರುವವರು ಬೆಳ್ಳಂಬೆಳಗ್ಗೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಹೂ ಕಟ್ಟುವವರ ಪಕ್ಕ ಅರ್ಧ ಗಂಟೆ ನಿಂತರೆ, ಎಡಗೈ ಬೆರಳುಗಳ ನಡುವೆ ಮೊಗ್ಗುಗಳನ್ನು ತೊಟ್ಟು ಒಳಮುಖವಾಗಿ ಎದುರುಬದುರು ಜೋಡಿಸಿ ಹಿಡಿಯುವುದನ್ನೂ ಬಲಗೈ ಅದರ ಸುತ್ತ ದಾರವನ್ನು ತಂದು ಕುಣಿಕೆ ಹಾಕಿ ಬಿಗಿಯುವುದನ್ನೂ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಅಳೆಯುವುದನ್ನೂ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನುರಿತವರು ಕೈಯನ್ನು ನೋಡುವುದೇ ಇಲ್ಲ. ಅವರ ಕಣ್ಣು ಗಿರಾಕಿಯ ಮೇಲಿರುತ್ತದೆ. ಮನೆಯಲ್ಲಿ ಕೂತು ಕಲ್ಪಿಸಿಕೊಂಡವರು ತಲೆ ಬಗ್ಗಿಸಿ ಹೂವನ್ನೇ ದಿಟ್ಟಿಸುವ ಅಜ್ಜಿಯನ್ನು ಬಿಡಿಸುತ್ತಾರೆ, ಮತ್ತು ಆ ಚಿತ್ರದಲ್ಲಿ ಅಜ್ಜಿ ಹೂ ಕಟ್ಟಲು ಕಲಿಯುತ್ತಿರುವವಳಂತೆ ಕಾಣುತ್ತಾಳೆ.

ಆ ದಿನದ ದಿನಚರಿ ಹೀಗಿರಬಹುದು: ‘ನೋಟ ಕೈಯ ಮೇಲಲ್ಲ, ಗಿರಾಕಿಯ ಮೇಲೆ. ತಲೆ ಬಗ್ಗಿಸಿದ ಕರಡನ್ನು ಬಿಟ್ಟೆ. ಕೈ ಮತ್ತು ಕಣ್ಣು ಎರಡೂ ಕಾಣಬೇಕಾದ್ದರಿಂದ ಕೂತವರ ಎತ್ತರದಿಂದ ನೋಡುವ ಕೋನ ಉಳಿಸಿಕೊಂಡೆ. ದಾರದ ಉಂಡೆ ಎಲ್ಲಿರುತ್ತದೆಂದು ಇನ್ನೊಮ್ಮೆ ನೋಡಬೇಕು.’ ಇಷ್ಟೇ ಸಾಕು. ‘ಇಂದಿನ ಕೆಲಸ ತೃಪ್ತಿ ಕೊಟ್ಟಿತು’ ಎಂಬ ಸಾಲಿನಿಂದ ಆರು ತಿಂಗಳ ಬಳಿಕ ಏನೂ ತಿಳಿಯುವುದಿಲ್ಲ. ಈ ಮೇಲಿನ ಸಾಲುಗಳಿಂದ ಚಿತ್ರಕಾರನ ಯೋಚನೆಯೇ ತಿಳಿಯುತ್ತದೆ.

ಇದರ ಜೊತೆಗೆ ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದುಕೊಳ್ಳುವುದು ಒಳ್ಳೆಯದು. ಈಗ ಇದು ಕ್ಷುಲ್ಲಕವೆನಿಸಬಹುದು, ಆದರೆ ಮೊದಲ ಸಂಭಾವನೆಯ ಮಾತು ಬಂದಾಗ ಇದರ ಬೆಲೆ ತಿಳಿಯುತ್ತದೆ.

ಹಿಂದಿರುಗಿ ಓದುವುದು

ಸೆಮಿಸ್ಟರಿನ ಕೊನೆಗೊಮ್ಮೆ ಎಲ್ಲ ಚಿತ್ರಗಳ ಚಿಕ್ಕ ಪ್ರತಿಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಹರಡಿ. ಚೆನ್ನಾಗಿ ಬಂದದ್ದು ಯಾವುದು ಎಂದು ಹುಡುಕಬೇಡಿ. ಎಲ್ಲಿಯೂ ಇಲ್ಲದ್ದು ಯಾವುದು ಎಂದು ಹುಡುಕಿ. ಎಷ್ಟೋ ವಿದ್ಯಾರ್ಥಿಗಳ ಚಿತ್ರಗಳಲ್ಲಿ ಪಾತ್ರಗಳ ಕೈಗಳು ಬೆನ್ನ ಹಿಂದೆಯೋ ಬುಟ್ಟಿಯೊಳಗೋ ಅಡಗಿರುತ್ತವೆ. ಕೆಲವರ ಎಲ್ಲ ಮುಖಗಳೂ ಒಂದೇ ಕಡೆಗೆ, ಒಂದೇ ಓರೆಯಲ್ಲಿ ತಿರುಗಿರುತ್ತವೆ. ಮತ್ತೆ ಕೆಲವರಲ್ಲಿ ಹಿನ್ನೆಲೆಯೇ ಇರುವುದಿಲ್ಲ, ಮೂರಕ್ಕಿಂತ ಹೆಚ್ಚು ಜನ ಒಂದೆಡೆ ಸೇರುವುದಿಲ್ಲ, ಮುದುಕರು ಬರುವುದೇ ಇಲ್ಲ. ಇವು ಶೈಲಿಯಂತೆ ತೋರಿದರೂ ಬಹುಪಾಲು ತಪ್ಪಿಸಿಕೊಳ್ಳುವಿಕೆಯೇ. ಕಷ್ಟವಾದದ್ದನ್ನು ಕೈ ತಾನಾಗಿಯೇ ಬದಿಗೆ ಸರಿಸುತ್ತದೆ, ಮತ್ತು ಒಂದೊಂದೇ ಚಿತ್ರವನ್ನು ನೋಡುವಾಗ ಅದು ಗೊತ್ತಾಗುವುದಿಲ್ಲ.

ಹೀಗೆ ಕಂಡುಕೊಂಡದ್ದರಲ್ಲಿ ಒಂದನ್ನು ಮಾತ್ರ ಆರಿಸಿ ಮುಂದಿನ ಕೆಲಸಕ್ಕೆ ಕಟ್ಟುಪಾಡಾಗಿ ಹಾಕಿಕೊಳ್ಳಿ: ಮುಂದಿನ ಕಥೆಯ ಪ್ರತಿ ಚಿತ್ರದಲ್ಲೂ ಕನಿಷ್ಠ ಒಂದು ಜೊತೆ ಕೈ ಏನನ್ನಾದರೂ ಮಾಡುತ್ತಿರಬೇಕು, ಅಥವಾ ಒಂದು ಪುಟ ತುಂಬ ಜನ ಇರಬೇಕು. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ. ಸಲ್ಲಿಸಬೇಕಾದ ಬರಹದಲ್ಲಿಯೂ ಇದೇ ತಿರುಳಾಗಲಿ. ಯಾವ ಕೊರತೆಯನ್ನು ಯಾವಾಗ ಗುರುತಿಸಿದಿರಿ, ಅದಕ್ಕಾಗಿ ಯಾವ ಚಿತ್ರವನ್ನು ಬೇರೆ ರೀತಿಯಲ್ಲಿ ಮಾಡಿದಿರಿ ಎಂಬುದನ್ನು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ, ಓದುವ ಅಧ್ಯಾಪಕರಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ತರಗತಿಯ ವಿಮರ್ಶೆಯನ್ನೂ ಇದೇ ಪುಸ್ತಕದಲ್ಲಿ, ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಿ, ಸಮರ್ಥನೆ ಆಮೇಲಿರಲಿ. ‘ಹೇಗಿದೆ?’ ಎಂದು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ‘ಮೊದಲು ಕಣ್ಣಿಗೆ ಏನು ಬಿತ್ತು? ಇಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳಿದರೆ ಉತ್ತರ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಪುಸ್ತಕದ ಚಿತ್ರವಾದರೆ ಓದಲು ಬಾರದ ಒಂದು ಮಗುವಿಗೆ ತೋರಿಸಿ, ಕಥೆಯನ್ನು ಅದರ ಬಾಯಿಯಿಂದಲೇ ಕೇಳಿ. ಮಗು ಕಥೆಯಲ್ಲಿಲ್ಲದ್ದನ್ನು ಹೇಳಿದರೆ ಅದು ಚಿತ್ರದಲ್ಲಿ ಎಲ್ಲೋ ಇದೆ ಎಂದರ್ಥ.

ಹಿರಿಯರಿಂದ, ಪರಂಪರೆಯಿಂದ ಪಡೆಯುವುದು

ಸ್ವಂತ ಶೈಲಿ ಬೇಗ ಬರಲಿ ಎಂಬ ಆತುರ ಇಂದಿನ ವಿದ್ಯಾರ್ಥಿಗಳಲ್ಲಿ ಬಹಳ. ಅದಕ್ಕಾಗಿ ಫೋನಿನಲ್ಲಿ ಕಂಡ ಗೆರೆಗಳನ್ನು ಅನುಕರಿಸುವುದಕ್ಕಿಂತ ಒಬ್ಬ ಚಿತ್ರಕಾರರ ಕೆಲಸವನ್ನು ಆಳವಾಗಿ ನೋಡುವುದು ಹೆಚ್ಚು ಫಲ ಕೊಡುತ್ತದೆ. 1949ರಿಂದ ಕನ್ನಡದಲ್ಲಿ ಬಂದ ಚಂದಮಾಮದ ಬೇತಾಳ ಕಥೆಗಳಿಗೆ ಚಿತ್ರ ಬಿಡಿಸಿದ ಶಂಕರ್, ಅಂದರೆ ಕೆ.ಸಿ. ಶಿವಶಂಕರನ್, 1952ರಲ್ಲಿ ಆ ಪತ್ರಿಕೆಯನ್ನು ಸೇರಿ ದಶಕಗಳ ಕಾಲ ಅಲ್ಲಿಯೇ ಕೆಲಸ ಮಾಡಿದರು, 2020ರಲ್ಲಿ ತೀರಿಕೊಂಡರು. ಕೈಯಲ್ಲಿ ಕತ್ತಿ ಹಿಡಿದು ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜನ ಅವರ ಚಿತ್ರವನ್ನು ಕನ್ನಡದ ಹಲವು ತಲೆಮಾರುಗಳು ಬಲ್ಲವು. ಅದನ್ನು ಅಭ್ಯಾಸ ಮಾಡುವವರು ಗೆರೆಯನ್ನು ನಕಲು ಮಾಡದೆ, ಕಣ್ಣು ಅರೆಮುಚ್ಚಿ ನೋಡಿ ಕಪ್ಪು, ಬೂದು, ಬಿಳಿಗಳು ಎಲ್ಲೆಲ್ಲಿ ಬಿದ್ದಿವೆ, ದೇಹದ ಭಾರ ಯಾವ ಕಾಲಿನ ಮೇಲಿದೆ, ಕಣ್ಣು ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂಬುದನ್ನು ಚಿಕ್ಕದೊಂದು ಚೌಕದಲ್ಲಿ ಗುರುತು ಹಾಕಿಕೊಳ್ಳಬೇಕು. ಹಾಗೆ ಕಲಿತದ್ದನ್ನು ತೀರಾ ಬೇರೆ ವಸ್ತುವಿನ ಚಿತ್ರದಲ್ಲಿಯೂ ಬಳಸಬಹುದು.

ಜನಪದ ಕಲೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರದಲ್ಲಿ ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆ ಬೀಜದ ಹಳದಿ ಇರುತ್ತವೆ. ಕುಂಚ ಪುಂಡಿ ನಾರಿನದು. ಅಲ್ಲಿನ ಒಂದೊಂದು ವಿನ್ಯಾಸಕ್ಕೂ ಮದುವೆ, ಹಬ್ಬ, ಬೇಸಾಯದ ಬದುಕಿನೊಂದಿಗೆ ನಂಟಿದೆ. ಅದನ್ನು ಪುಟದ ಅಂಚಿನ ಅಲಂಕಾರವಾಗಿ ಎತ್ತಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಬಿಡಿಸುವವರಿಂದ ಕಲಿತು, ಎಲ್ಲಿಂದ ಬಂದದ್ದೆಂದು ಪುಸ್ತಕದಲ್ಲಿಯೇ ನಮೂದಿಸಿ ಬಳಸಬೇಕು. ದಿನಚರಿಯಲ್ಲಿ ಯಾರಿಂದ ಏನು ಕಲಿತೆವೆಂಬ ಟಿಪ್ಪಣಿ ಇದ್ದರೆ ಆ ಋಣ ಮರೆತುಹೋಗುವುದಿಲ್ಲ.

ವೃತ್ತಿಗೆ ಕಾಲಿಡುವಾಗ

ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಕೆಲಸ ಕೇಳುವಾಗ ತೋರಿಸುವ ಚಿತ್ರಗಳ ಸಂಗ್ರಹದಲ್ಲಿ, ಬಿಡಿ ಚಿತ್ರಗಳಿಗಿಂತ, ಒಂದೇ ಕಥೆಗೆ ಬಿಡಿಸಿದ ನಾಲ್ಕೈದು ಚಿತ್ರಗಳ ಸರಣಿ ಹೆಚ್ಚು ಮಾತಾಡುತ್ತದೆ. ಅದೇ ಹುಡುಗಿ ಬೇರೆ ಬೇರೆ ಕೋನ, ಬೆಳಕು, ಭಾವಗಳಲ್ಲಿ ಅದೇ ಹುಡುಗಿಯಾಗಿ ಉಳಿದಿದ್ದಾಳೆಯೇ ಎಂಬುದನ್ನು ಪ್ರಕಾಶಕರು ಮೊದಲು ನೋಡುತ್ತಾರೆ. ಕೆಲಸ ಕೊಡುವವರು ಇನ್ನೂ ಇಲ್ಲವೆಂದಾದರೆ ನೀವೇ ಪಠ್ಯ ಆರಿಸಿಕೊಳ್ಳಬಹುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳು ಸಿಗುತ್ತವೆ; ಮೂಲದವರ ಹೆಸರು ಹಾಕಿ ಅವುಗಳಿಗೆ ಹೊಸ ಚಿತ್ರ ಬಿಡಿಸಬಹುದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರಂಥ ಹಿರಿಯರ ಬರಹಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಇಂಥ ಪಠ್ಯವನ್ನು 32 ಪುಟದ ಡಮ್ಮಿಯಾಗಿ, ಅಂದರೆ ಪುಸ್ತಕದ ಮಾದರಿ ಪ್ರತಿಯಾಗಿ, ಹೊಂದಿಸಿ ನೋಡುವುದು ಉತ್ತಮ ಅಭ್ಯಾಸ, ಏಕೆಂದರೆ 16 ಪುಟಗಳ ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಿಸಲ್ಪಡುವ ಪುಟಗಳ ಗುಂಪು) ಲೆಕ್ಕದಲ್ಲಿ ಮುದ್ರಣವಾಗುವ ಚಿತ್ರಪುಸ್ತಕಗಳಿಗೆ ಅದು ರೂಢಿಯ ಅಳತೆ.

ಮುದ್ರಣದ ಶಿಸ್ತನ್ನು ಕರಡಿನ ಹಂತದಿಂದಲೇ ಪಾಲಿಸಬೇಕು. ಚಿತ್ರ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಒಂದು ಅಂಗುಲದಲ್ಲಿರುವ ಚುಕ್ಕೆಗಳ ಸಂಖ್ಯೆ) ಇರಲಿ, ಕೇವಲ ಗೆರೆಯ ಕಪ್ಪುಬಿಳುಪು ಚಿತ್ರವಾದರೆ 600 ಅಥವಾ ಹೆಚ್ಚು. ಅಂಚಿನವರೆಗೆ ಬಣ್ಣವಿದ್ದರೆ ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಬಣ್ಣದ ಅಂಚು, ಬಿಡಿ. ಎರಡು ಪುಟ ಹರಡಿದ ಚಿತ್ರದಲ್ಲಿ ಮುಖವಾಗಲಿ ಕೈಯಾಗಲಿ ನಡುಮಡಿಕೆಗೆ ಬೀಳಬಾರದು. ಪರದೆಯ ಮೇಲೆ ಹೊಳೆಯುವ ಗದ್ದೆಯ ಹಸಿರು ನಾಲ್ಕು ಬಣ್ಣದ ಶಾಯಿಯಲ್ಲಿ ಮಂಕಾಗುತ್ತದೆ, ಆದ್ದರಿಂದ ಸಿಎಂವೈಕೆಗೆ, ಅಂದರೆ ಆ ನಾಲ್ಕು ಶಾಯಿಗಳ ಬಣ್ಣ ಪದ್ಧತಿಗೆ, ಬದಲಿಸಿ ನೋಡದೆ ಬಣ್ಣ ಅಂತಿಮಗೊಳಿಸಬೇಡಿ. ಕನ್ನಡದ ಒತ್ತಕ್ಷರಗಳಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಅಕ್ಷರಕ್ಕೆಂದು ಬಿಡುವ ಖಾಲಿ ಜಾಗವನ್ನು ಧಾರಾಳವಾಗಿಯೇ ಬಿಡಿ. ಪುಸ್ತಕ ಹಲವು ಭಾಷೆಗಳಲ್ಲಿ ಬರುವುದಾದರೆ ಚಿತ್ರದೊಳಗಿನ ಅಂಗಡಿಯ ಬೋರ್ಡು, ಬಸ್ಸಿನ ಹೆಸರುಗಳು ಫೈಲಿನ ಪ್ರತ್ಯೇಕ ಲೇಯರಿನಲ್ಲಿ (ಉಳಿದ ಚಿತ್ರವನ್ನು ಮುಟ್ಟದೆ ಬದಲಿಸಬಹುದಾದ ಪದರದಲ್ಲಿ) ಇರಲಿ.

ಒಪ್ಪಂದದ ಬಗ್ಗೆ ಸಂಕೋಚಪಡುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ನಿಜವಾಗಿಯೂ ಕಳವಳವಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಅದನ್ನು ರಚಿಸಿದವರೇ. ಆದರೆ ನೌಕರಿಯಲ್ಲಿದ್ದು ಮಾಡಿದ ಕೆಲಸಕ್ಕೂ ಹಣ ಕೊಟ್ಟು ಮಾಡಿಸಿಕೊಂಡ ಪೇಂಟಿಂಗ್, ಭಾವಚಿತ್ರಗಳಿಗೂ ಬೇರೆ ನಿಯಮವಿದೆ. ಒಪ್ಪಂದದಲ್ಲಿ ಬೇರೆ ರೀತಿ ಹೇಳದಿದ್ದರೆ ಹಕ್ಕು ಮಾಡಿಸಿಕೊಂಡವರದಾಗಬಹುದು. ಹಕ್ಕನ್ನು ವರ್ಗಾಯಿಸುವುದು ಲಿಖಿತವಾಗಿಯೇ ಆಗಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶ ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಭಾವಿಸುತ್ತದೆ. ಹಕ್ಕನ್ನು ಪೂರ್ತಿಯಾಗಿ ಕೊಟ್ಟ ಮೇಲೂ ಚಿತ್ರ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ ಅಧಿಕಾರ ಕಲಾವಿದರಿಗೆ ಉಳಿಯುತ್ತದೆ. ಆದ್ದರಿಂದ ಯಾವ ಪುಸ್ತಕಕ್ಕೆ, ಯಾವ ಭಾಷೆಗಳಿಗೆ, ಎಷ್ಟು ವರ್ಷಕ್ಕೆ, ಎಷ್ಟು ಸಲ ತಿದ್ದಿಕೊಡಬೇಕು, ಹಣ ಯಾವಾಗ ಬರುತ್ತದೆ, ಹೆಸರು ಎಲ್ಲಿ ಅಚ್ಚಾಗುತ್ತದೆ ಎಂಬ ಪ್ರಶ್ನೆಗಳಿಗೆ ಒಂದು ಇಮೇಲಿನಲ್ಲಾದರೂ ಉತ್ತರ ಪಡೆದುಕೊಳ್ಳಿ. ಹಕ್ಕು ಪೂರ್ತಿ ಬಿಟ್ಟುಕೊಡುವುದಾದರೆ ಸಹಿ ಹಾಕುವ ಮುನ್ನ ತಿಳಿದವರಿಗೆ ಆ ಪತ್ರವನ್ನು ತೋರಿಸಿ. ಸಂಭಾವನೆ ಎಷ್ಟು ಕೇಳಬೇಕೆಂದು ತೋಚದಿದ್ದಾಗ, ದಿನಚರಿಯಲ್ಲಿ ಹಂತಹಂತವಾಗಿ ಬರೆದಿಟ್ಟ ಗಂಟೆಗಳ ಲೆಕ್ಕವನ್ನು ತೆಗೆದು, ಅದರ ಮೇಲೆ ನಿಮ್ಮ ಮೊತ್ತವನ್ನು ಹೇಳಿ. ಊಹೆಯ ಮೊತ್ತಕ್ಕಿಂತ ಅದನ್ನು ಸಮರ್ಥಿಸಿಕೊಳ್ಳುವುದು ಸುಲಭ.

ಪುಸ್ತಕ ಅಚ್ಚಾಗಿ ಪ್ರತಿ ಕೈಗೆ ಬಂದ ದಿನ ಅದನ್ನು ನಿಮ್ಮ ಫೈಲಿನ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ಪುಟಪುಟವಾಗಿ ಹೋಲಿಸಿ. ಎಲ್ಲಿ ನೆರಳು ಕಪ್ಪಾಗಿ ಮುಚ್ಚಿಕೊಂಡಿತು, ಯಾವ ಗೆರೆ ಕಾಗದ ಹೀರಿಕೊಂಡು ದಪ್ಪವಾಯಿತು, ಮಡಿಕೆ ಎಷ್ಟು ನುಂಗಿತು, ಅಕ್ಷರ ಚಿತ್ರವನ್ನು ಎಲ್ಲಿ ಒತ್ತುತ್ತಿದೆ ಎಂಬುದನ್ನು ಪುಟದ ಸಂಖ್ಯೆಯೊಂದಿಗೆ ಬರೆದಿಟ್ಟುಕೊಳ್ಳಿ, ಮತ್ತು ಅದೇ ಕಾಗದ, ಅದೇ ಮುದ್ರಣಾಲಯದ ಮುಂದಿನ ಕೆಲಸ ಬಂದಾಗ ಬಣ್ಣ ತುಂಬುವ ಮೊದಲು ಆ ಪುಟವನ್ನು ತೆರೆದು ನೋಡಿ.