ಓಲ್ಡ್ ಬೇಲಿಯ ವರದಿಗಳನ್ನು ನಾನು ಓದಿದ ಬಗೆ

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮನೆಗೆಲಸದ ಹೆಂಗಸರ ಮೇಲೆ ಹೂಡಲಾದ ಕಳವಿನ ಮೊಕದ್ದಮೆಗಳನ್ನು ಅಧ್ಯಯನಕ್ಕೆ ಎತ್ತಿಕೊಂಡಾಗ, ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣಾ ವರದಿಗಳೇ ನನಗೆ ಮುಖ್ಯ ಆಕರವಾದವು. 1674ರಿಂದ 1913ರವರೆಗಿನ ಈ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಮೈಸೂರಿನಲ್ಲಿದ್ದುಕೊಂಡೇ ಓದುವುದು ಸಾಧ್ಯವಾಯಿತು.

ತೀರ್ಪನ್ನು ನೋಡುವ ಮೊದಲು ಕಳುವಾದ ವಸ್ತುಗಳ ಪಟ್ಟಿಯನ್ನೂ ಬೆಲೆಯನ್ನೂ ಬರೆದುಕೊಳ್ಳುವುದು ನಾನು ಇಟ್ಟುಕೊಂಡ ಕ್ರಮ. 1713ರ ಕಾನೂನಿನ ಪ್ರಕಾರ ಮನೆಯೊಳಗಿಂದ 40 ಷಿಲಿಂಗ್ (ಅಂದರೆ 2 ಪೌಂಡ್) ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ವತ್ತನ್ನು ಕದ್ದರೆ ಗಲ್ಲುಶಿಕ್ಷೆ ವಿಧಿಸಬಹುದಿತ್ತು. ಬೆಳ್ಳಿ ಚಮಚ, ರೇಷ್ಮೆ ಗೌನು, ಹಾಸಿಗೆಯ ಬಟ್ಟೆಗಳೆಲ್ಲ ಸೇರಿ ಆರೋಪದಲ್ಲಿ ಹಲವು ಪೌಂಡುಗಳ ಲೆಕ್ಕವಿದ್ದರೂ, ತೀರ್ಪು ಹೇಳಲು ಸಾಮಾನ್ಯ ನಾಗರಿಕರಿಂದ ಆರಿಸಿದ ಜ್ಯೂರಿಯವರು ಎಷ್ಟೋ ಸಲ ‘39 ಷಿಲಿಂಗಿನಷ್ಟು ಕಳವಿಗೆ ತಪ್ಪಿತಸ್ಥಳು’ ಎಂದು ಹೇಳಿ ಆಕೆಯ ಜೀವ ಉಳಿಸುತ್ತಿದ್ದರು. 1827ರಲ್ಲಿ ಆ ಮಿತಿ 5 ಪೌಂಡಿಗೆ, ಅಂದರೆ 100 ಷಿಲಿಂಗಿಗೆ ಏರಿದಾಗ, ತೀರ್ಪುಗಳಲ್ಲಿ 99 ಷಿಲಿಂಗ್ ಕಾಣಿಸಿಕೊಂಡಿತು. ಈ ಕರುಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ತಿಳಿಯಲು, ಆಕೆಯ ನಡತೆ ಒಳ್ಳೆಯದೆಂದು ಹೇಳಲು ಯಾರು ಬಂದರು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕಾಯಿತು.

ಆ ಕಾಲದಲ್ಲಿ ಮೊಕದ್ದಮೆ ನಡೆಸುವ ಹೊಣೆ, ಬಹುಮಟ್ಟಿಗೆ ಖರ್ಚು ಕೂಡ, ಸ್ವತ್ತು ಕಳೆದುಕೊಂಡವರದ್ದೇ. ಹಾಗಾಗಿ ಈ ವರದಿಗಳಿಂದ ಅಪರಾಧದ ಪ್ರಮಾಣವನ್ನು ಅಳೆಯಲು ನಾನು ಹೋಗಲಿಲ್ಲ. ಯಾರ ವಿರುದ್ಧ ಯಾರು ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವರಾಗಿದ್ದರು ಎಂಬುದನ್ನಷ್ಟೇ ಕೇಳಿದೆ.

ಥೇಮ್ಸ್ ನದಿಯ ಬಂದರಿನ ವಿಚಾರಕ್ಕೆ ಬಂದಾಗ ಈ ಪ್ರಶ್ನೆ ಇನ್ನಷ್ಟು ಹರಿತವಾಯಿತು. 1798ರಲ್ಲಿ ಪ್ಯಾಟ್ರಿಕ್ ಕಾಲ್ಕ್ಹೂನ್ ಮತ್ತು ಜಾನ್ ಹ್ಯಾರಿಯಟ್ ವಾಪಿಂಗ್‌ನಲ್ಲಿ ಆರಂಭಿಸಿದ ನದಿ ಪೊಲೀಸ್ ದಳದ ವೆಚ್ಚದ ಬಹುಪಾಲನ್ನು ವೆಸ್ಟ್ ಇಂಡೀಸ್ ಜೊತೆ ವ್ಯಾಪಾರ ನಡೆಸುತ್ತಿದ್ದ ವರ್ತಕರೇ ಭರಿಸಿದ್ದರು. ಕಲ್ಲಿದ್ದಲು ಇಳಿಸುವ ಹಮಾಲರು ಒಂದಿಷ್ಟು ಕಲ್ಲಿದ್ದಲನ್ನು ಮನೆಗೆ ಒಯ್ಯುವುದು ರೂಢಿಯಿಂದ ಬಂದ ತಮ್ಮ ಪಾಲೆಂದು ನಂಬಿದ್ದರು. ಹೊಸ ದಳಕ್ಕೆ ಅದು ಕಳವು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲವರಿಗೆ ದಂಡ ಬಿದ್ದಾಗ ಜನ ಠಾಣೆಗೆ ಮುತ್ತಿಗೆ ಹಾಕಿದರು, ಪ್ರಾಣಗಳೂ ಹೋದವು.

1829ರಲ್ಲಿ ಆಗಿನ ಗೃಹಮಂತ್ರಿ ರಾಬರ್ಟ್ ಪೀಲ್ ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದ ನಂತರದ ಕಾಲಕ್ಕೆ ಓಲ್ಡ್ ಬೇಲಿಯ ವರದಿಗಳಷ್ಟೇ ಸಾಲುವುದಿಲ್ಲ. ಕಳವಿನದೆಂಬ ಶಂಕೆಯುಳ್ಳ ವಸ್ತು ತನ್ನ ಕೈಗೆ ಹೇಗೆ ಬಂತೆಂದು ಅದನ್ನು ಹೊತ್ತವನೇ ವಿವರಿಸಬೇಕೆಂದು 1839ರ ಕಾನೂನು ವಿಧಿಸಿತು. ಅಂಥ ಪ್ರಕರಣಗಳು ಜ್ಯೂರಿಯ ಮುಂದೆ ಬರದೆ ಮ್ಯಾಜಿಸ್ಟ್ರೇಟರ ಹಂತದಲ್ಲೇ ಇತ್ಯರ್ಥವಾಗುತ್ತಿದ್ದವು. ಆದ್ದರಿಂದ ಈಗ ಆ ಕೆಳ ನ್ಯಾಯಾಲಯಗಳ ಕುರಿತ ಪತ್ರಿಕಾ ವರದಿಗಳನ್ನು ಓದುತ್ತಿದ್ದೇನೆ.