ಗ್ಯಾಸ್ಟ್ರಿಕ್ ಮಾತ್ರೆಗೂ ಮೊದಲು ಒಂದು ಚೀಟಿ ಬರೆಯಿರಿ

ಜೇಬಿನಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಇಟ್ಟುಕೊಂಡೇ ಮನೆಯಿಂದ ಹೊರಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಹುಣ್ಣು ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಒಂದೇ ಮಾತ್ರೆ. ಹುಣ್ಣಿದ್ದರೆ ಆ ಮಾತ್ರೆಯಿಂದ ಉರಿ ತಗ್ಗುತ್ತದೆ. ಮೂಲ ಕಾರಣ ಹಾಗೇ ಉಳಿದು ಹುಣ್ಣು ಮತ್ತೆ ತಲೆಯೆತ್ತುತ್ತದೆ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿ ಕಾಫಿ ಚರಟದ ಬಣ್ಣಕ್ಕಿದ್ದರೆ, ಹೊಟ್ಟೆಗೆ ಚೂರಿ ಹಾಕಿದಂಥ ನೋವು ಹಠಾತ್ತನೆ ಬಂದರೆ ಮುಂದೆ ಓದುವುದು ಬೇಡ, ಆಸ್ಪತ್ರೆಗೆ ಹೊರಡಿ. ಎದೆ ಬಿಗಿದು ಬೆವರು ಸುರಿಯುತ್ತಿದ್ದರೂ ಅಷ್ಟೇ. ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ.

ಉಳಿದವರು ಒಂದು ವಾರ ನೋವಿನ ಹೊತ್ತನ್ನು ಬರೆದಿಡಿ. ಸಣ್ಣ ಕರುಳಿನ ಬಾಯಲ್ಲಿ ಹುಣ್ಣಾಗಿದ್ದರೆ ಸಾಮಾನ್ಯವಾಗಿ ಹಸಿದಾಗ, ನಡುರಾತ್ರಿಯಲ್ಲಿ ನೋವು ಕಾಡುತ್ತದೆ. ಎರಡು ತುತ್ತು ತಿಂದರೆ ಶಮನ. ಜಠರದಲ್ಲೇ ಇದ್ದರೆ ಊಟದ ನಂತರ ಹೆಚ್ಚುವುದುಂಟು. ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ಆದರೂ ವೈದ್ಯರಿಗೆ ಒಳ್ಳೆಯ ಸುಳಿವು.

ಅದೇ ಚೀಟಿಯ ಹಿಂಬದಿಯಲ್ಲಿ ನೀವು ನುಂಗುವ ನೋವಿನ ಮಾತ್ರೆಗಳ ಹೆಸರು ಬರಲಿ: ಡಿಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆಯನ್ನು ಹಿರಿಯರು ‘ಔಷಧ’ದ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೆದಕಿ ಕೇಳಬೇಕು. ‘ಊಟ ಮಾಡಿಯೇ ನುಂಗಿದ್ದೇನೆ’ ಎಂಬ ಸಮಾಧಾನ ಸಾಲದು. ಈ ಮಾತ್ರೆಗಳು ರಕ್ತಕ್ಕೆ ಸೇರಿದ ಮೇಲೂ ಜಠರದ ಒಳಪದರದ ರಕ್ಷಣೆಯನ್ನು ಕುಗ್ಗಿಸುತ್ತವೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮುಂದಿನದು ಪರೀಕ್ಷೆ. ಹುಣ್ಣಿಗೆ ಖಾರ, ಚಿಂತೆಗಳೇ ಕಾರಣ ಎಂದು ಜಗತ್ತು ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಗಟಗಟನೆ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಜಠರ ಉರಿಯೂತಗೊಂಡಿತ್ತು. ಹುಣ್ಣಿನಲ್ಲಿ ಈ ಬ್ಯಾಕ್ಟೀರಿಯಾದ ಪಾತ್ರವನ್ನು ತೋರಿಸಿದ್ದಕ್ಕೆ ಅವರಿಗೂ ಸಹೋದ್ಯೋಗಿ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ನಮ್ಮ ಸಾರಿನ ಮೇಲಿನ ಆರೋಪ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ!

ಈ ಬ್ಯಾಕ್ಟೀರಿಯಾವನ್ನು ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಹಿಡಿಯಬಹುದು. ಎಡವುವುದು ಇಲ್ಲೇ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗುತ್ತಲೇ ಹೋದರೆ ಬ್ಯಾಕ್ಟೀರಿಯಾ ಇದ್ದರೂ ‘ಇಲ್ಲ’ ಎಂಬ ವರದಿ ಬರಬಹುದು. ವೈದ್ಯರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಆ್ಯಂಟಿಬಯಾಟಿಕ್ ಆಗಿದ್ದರೆ ಅದು ಮುಗಿದು ನಾಲ್ಕು ವಾರ ಕಳೆದಿರಬೇಕು. ವಯಸ್ಸಾದವರಿಗೆ, ತೂಕ ಇಳಿಯುತ್ತಿರುವವರಿಗೆ ನೇರವಾಗಿ ಎಂಡೋಸ್ಕೊಪಿ (ಬಾಯಿಯಿಂದ ಕೊಳವೆ ಇಳಿಸಿ ಜಠರವನ್ನು ನೋಡುವ ಪರೀಕ್ಷೆ) ಹೇಳುತ್ತಾರೆ.

ಬ್ಯಾಕ್ಟೀರಿಯಾ ಸಿಕ್ಕಿದರೆ ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆ: ಎರಡು ಬಗೆಯ ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಆಮ್ಲದ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಬಾಯಿ ಕಹಿಯಾಯಿತೆಂದು ಐದನೇ ದಿನಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಬಹುದು. ಉರಿಗೆ ತಣ್ಣನೆಯ ಹಾಲು ಕುಡಿಯುವ ಅಭ್ಯಾಸವಿದ್ದರೆ ನೆನಪಿಡಿ, ಗಳಿಗೆ ಹೊತ್ತು ಹಿತವೆನಿಸಿದರೂ ಹಾಲು ಮತ್ತೆ ಆಮ್ಲವನ್ನು ಸುರಿಸುತ್ತದೆ.

ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ನೋವು ಹೋಯಿತೆಂದು ಬಹುತೇಕರು ಬಿಟ್ಟುಬಿಡುವುದು ಇದನ್ನೇ.